ಕೊನೆಯ ದೋಣಿ ಐದೂವರೆಗೆ

ಸೋಮವಾರ, ೧೬ನೇ ತಾರೀಖು
ಸಂಜೆ

ಪ್ರೀತಿಯ ದೊಡ್ಡಕ್ಕನಿಗೆ,

ನಿಮ್ಮ ಇಲಿಮರಿಯ ನಮಸ್ಕಾರ. ಕ್ಷೇಮ ಸಮಾಚಾರ ಕೇಳುವ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ನೀವು ಕ್ಷೇಮವಾಗಿಲ್ಲವೆಂದು ಗೊತ್ತಿದ್ದೂ ಕೇಳುವುದು ಸರಿಯಲ್ಲ. ಅದರ ಬದಲು ಒಂದು ಸುಳ್ಳನ್ನು ತಿದ್ದುವುದರಿಂದ ಶುರುಮಾಡುತ್ತೇನೆ.

ನಿನ್ನೆ ಸಂಜೆ ನೀವು ಫೋನ್ ಮಾಡಿದಾಗ ನನಗೆ ಜ್ವರ, ಎರಡು ದಿನದಿಂದ ಕೋಣೆ ಬಿಟ್ಟು ಹೊರಗೆ ಹೋಗಿಲ್ಲ ಎಂದೆ. ನನಗೆ ಜ್ವರವಿರಲಿಲ್ಲ. ಒಂದು ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ, ಕಾಲಿನ ಹತ್ತಿರ ಕಿತ್ತಳೆ ಸಿಪ್ಪೆ ತುಂಬಿದ ಚೀಲ ಇಟ್ಟುಕೊಂಡು ಕೂತಿದ್ದೆ. ನಿಮಗೆ ಕೇಳಿಸಿದ ಹಾಡು ಪಕ್ಕದ ಮನೆಯ ರೇಡಿಯೊದ್ದಲ್ಲ, ಮುಂದಿನ ಸೀಟಿನಲ್ಲಿದ್ದ ನಮ್ಮ ಕೋಣೆಯ ಹುಡುಗಿ ಜೇನುವಿನದು. ‘ದನಿ ಎಷ್ಟು ಇಳಿದುಹೋಗಿದೆ ನೋಡು, ಬಿಸಿನೀರು ಕುಡಿ, ಕಿಟಕಿ ಹಾಕ್ಕೊಂಡು ಮಲಕ್ಕೋ’ ಎಂದಿರಿ ನೀವು. ದನಿ ಇಳಿಸಿ ಮಾತಾಡಿದ್ದು ಉಳಿದವರಿಗೆ ಕೇಳಿಸದಿರಲಿ ಎಂದು.

ಆಮೇಲೆ ನೀವು ಕೇಳಿದಿರಿ: ‘ಶುಕ್ರವಾರ ಕೊನೇ ದಿನ ಮರಿ. ಮನವಿ ಕೊಡ್ಲಾ, ಬೇಡ್ವಾ? ನನಗೆ ನನ್ನ ಮೇಲೇ ನಂಬಿಕೆ ಹೋಗಿದೆ. ನೀನು ಪಕ್ಕದಲ್ಲೇ ಕೂತಿದ್ದೋಳು, ನೀನೇ ಹೇಳು.’ ನಾನು ‘ನಿಮಗೆ ಹೇಗೆ ಅನ್ಸುತ್ತೋ ಹಾಗೆ ಮಾಡಿ ದೊಡ್ಡಕ್ಕ’ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮಾತು. ಅದನ್ನಾಡಿ ಫೋನಿಟ್ಟು, ಇನ್ನೊಂದು ಕಿತ್ತಳೆ ಸುಲಿದೆ.

ಇವತ್ತು ಹೇಳುತ್ತೇನೆ. ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಎಂಬ ಮನವಿ ಕೊಡಿ. ಶುಕ್ರವಾರದೊಳಗೆ ಕೊಡಿ. ಈ ಪತ್ರವನ್ನು ಅದಕ್ಕೆ ಲಗತ್ತಿಸಿ. ನಿಮ್ಮನ್ನು ಬಿಟ್ಟು ಬೇರೆಯವರೂ ಇದನ್ನು ಓದಬೇಕಾಗಿ ಬರುವುದರಿಂದ ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಎದುರಿಗೆ ಕೂತು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ನನಗೆ ಬಾಯಿ ಬರುವುದಿಲ್ಲವೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಯಾರ ಜೊತೆಗೂ ಮಾತಾಡದೆ, ಹಾಳೆಯ ಮೂಲೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಿರುವುದನ್ನು ನೋಡಿ ‘ಇದ್ಯಾವುದಪ್ಪ ಇಲಿಮರಿ, ಕಾಗದ ತಿನ್ನಕ್ಕೆ ಬಂದಿದೆ’ ಎಂದವರು ನೀವೇ.

ಮೊದಲು ಕೋಣೆಯ ವಿಷಯ. ಮುದ್ರಣಾಲಯದ ಎರಡನೆಯ ಮಹಡಿಯಲ್ಲಿ, ಕಾಗದದ ಗೋದಾಮಿನ ಮೇಲೆ ನಮ್ಮ ಕರಡು ಕೋಣೆ. ಇಬ್ಬರಿಬ್ಬರ ಜೋಡಿ. ಒಬ್ಬರು ಲೇಖಕರ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾಗಿ ಬಂದ ಕರಡಿನ ಮೇಲೆ ಕಣ್ಣಿಟ್ಟು ಪೆನ್ಸಿಲ್ಲಿನಿಂದ ತಿದ್ದುವುದು. ಕೋಣೆಯ ಮುಖ್ಯಸ್ಥೆಯಾದ ನೀವು ಮತ್ತು ನಾನು ಒಂದು ಜೋಡಿ. ನಮ್ಮೆದುರು ಗಡಿಯಾರ ಮತ್ತು ಜೇನು. ಗಡಿಯಾರಕ್ಕೆ ಆ ಹೆಸರು ಬಂದದ್ದು ಎಲ್ಲರ ಬರುವಿಕೆ, ಹೋಗುವಿಕೆ, ಚಹಾ ಕುಡಿಯುವಿಕೆ ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ನೆನಪಿಡುವುದರಿಂದ. ಜೇನುವಿಗೆ ಅವಳ ದನಿಯಿಂದ. ಗೋಡೆಯ ಪಕ್ಕ ಒಂಟಿಯಾಗಿ ಕೂತು ಚಿತ್ರ, ಪುಟಸಂಖ್ಯೆ ನೋಡುವವಳು ಅಲ್ಪವಿರಾಮ. ಅವಳು ವಾಕ್ಯದ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳದೆ ಯಾವ ಮಾತನ್ನೂ ಮುಗಿಸಿದವಳಲ್ಲ.

ಕರಡಿನ ಪ್ರತಿ ಹಾಳೆಯ ಕೆಳಗೂ ತಿದ್ದಿದವರ ಸಹಿ ಇರಬೇಕು ಎಂಬುದು ಕಚೇರಿಯ ನಿಯಮ. ಮುನ್ನೂರು ಹಾಳೆಗೆ ಮುನ್ನೂರು ಸಲ ಕೈ ತಡೆಯಬಾರದೆಂದು ನೀವು ಬೆಳಿಗ್ಗೆ ಬಂದ ತಕ್ಷಣ ಇಡೀ ಕಟ್ಟಿಗೆ ಸಹಿ ಹಾಕಿಬಿಡುತ್ತಿದ್ದಿರಿ. ಗಡಿಯಾರವೂ ಹಾಗೇ ಮಾಡುತ್ತಾಳೆ, ಈಗಲೂ. ಊಟವಾದ ಮೇಲೆ ಓದುವವರ ಗಂಟಲು ಕೂತುಹೋದರೆ ಇಬ್ಬರೂ ಕೆಲಸ ಬದಲಾಯಿಸಿಕೊಳ್ಳುತ್ತೇವೆ. ಅದಕ್ಕೆ ನಮ್ಮ ಕೋಣೆಯಲ್ಲಿ ‘ಗಂಟಲು ಕೊಡು’ ಎನ್ನುತ್ತೇವೆ. ಗಂಟಲು ಕೊಟ್ಟಾಗ ಪೆನ್ಸಿಲ್ ಕೈ ಬದಲಾಗುತ್ತದೆ, ಕೆಳಗಿನ ಸಹಿ ಬದಲಾಗುವುದಿಲ್ಲ. ಕೋಣೆಯ ಐದು ಜನರಿಗೂ ಗೊತ್ತಿದ್ದ ಈ ಸಂಗತಿ ಕೆಳಗಿನ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ನಾವ್ಯಾರೂ ಹೇಳಿಯೂ ಇಲ್ಲ.

ಇನ್ನು ಆ ಕೈಪಿಡಿ. ಪ್ರವಾಸಿ ಕಚೇರಿಯವರು ಅಚ್ಚು ಹಾಕಿಸಿದ ಪುಸ್ತಕ, ಇನ್ನೂರ ಹನ್ನೆರಡನೆಯ ಪುಟ, ಸರೋವರ. ದ್ವೀಪದಿಂದ ಹಿಂದಿರುಗುವ ಕೊನೆಯ ದೋಣಿ ಮೂಲಪ್ರತಿಯಲ್ಲಿ ಐದೂವರೆಗೆ ಇತ್ತು, ಅಚ್ಚಿನಲ್ಲಿ ಆರೂವರೆಗೆ ಆಯಿತು. ಪುಸ್ತಕ ನಂಬಿ ಹೋದ ಮೂವರು ವಯಸ್ಸಾದ ಗೆಳತಿಯರು ಆರೂಕಾಲಿಗೆ ಕಟ್ಟೆಗೆ ಬಂದರೆ ದೋಣಿಯೂ ಇಲ್ಲ, ದೋಣಿಯವನೂ ಇಲ್ಲ. ಬೇರೆ ದಾರಿ ಹುಡುಕಲು ಹೋಗಿ ಒಬ್ಬರು ಕಲ್ಲಿನ ಮೇಲೆ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಬೆಳಗಿನ ಮೊದಲ ದೋಣಿ ಬರುವವರೆಗೆ ಅವರು ಹಾಗೇ ಇದ್ದರು. ಪುಸ್ತಕಗಳೆಲ್ಲ ವಾಪಸು ಬಂದವು. ಮ್ಯಾನೇಜರ್ ಕಟ್ಟು ತರಿಸಿ ಆ ಹಾಳೆ ತೆಗೆದರು. ‘ಇದು ನಿಮ್ಮ ಸಹಿ ತಾನೇ?’ ಎಂದು ನಿಮ್ಮನ್ನು ಕೇಳಿದರು. ನೀವು ಹೌದೆಂದಿರಿ. ನನ್ನ ಕಡೆ ತಿರುಗಿ ‘ಅವತ್ತು ಇವರೇ ತಾನೇ ತಿದ್ದಿದ್ದು?’ ಎಂದರು. ನಾನು ‘ಸಹಿ ಅವರದೇ ಸರ್’ ಎಂದೆ.

ದೊಡ್ಡಕ್ಕ, ಆ ಮೂರು ಪದಗಳಲ್ಲಿ ಒಂದೂ ಸುಳ್ಳಿಲ್ಲ. ಪದ ಅಳೆದು ಆಡುವುದು ನನಗೆ ಬರುತ್ತದೆ ತಾನೇ.

ಪ್ರವಾಸದ ವಿಷಯಕ್ಕೆ ಬರುತ್ತೇನೆ. ಆ ಸರೋವರದ ಪುಟ ಮೊದಲ ಸಲ ಕರಡಾಗಿ ಬಂದಾಗ ಓದಿ ಮುಗಿಸಿ, ‘ನಾವೈದು ಜನ ಒಂದು ಸಲ ಇಲ್ಲಿಗೆ ಹೋಗ್ಬರಬೇಕು ಕಣ್ರೇ, ಬರೀ ಓದೋದೇ ಆಯ್ತು’ ಎಂದವರು ನೀವು. ಮಾತು ನಿಮ್ಮದು, ಅದನ್ನು ಎತ್ತಿಕೊಂಡವಳು ಗಡಿಯಾರ. ಫೋನಿನಲ್ಲಿ ಒಂದು ಗುಂಪು ಮಾಡಿದಳು. ನಿಮ್ಮ ಬಳಿ ಇರುವುದು ಹಳೆಯ ಗುಂಡಿ ಫೋನು, ಹಾಗಾಗಿ ನೀವು ಅದರಲ್ಲಿರಲಿಲ್ಲ ಎಂದು ಸಮಾಧಾನ ಹೇಳಬಹುದು. ಹೇಳುವುದಿಲ್ಲ. ಹೋಗುವ ದಿನ ಮೂರು ಸಲ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಪುಸ್ತಕ ಬಂತು, ಮೂಳೆ ಮುರಿಯಿತು, ನಿಮ್ಮನ್ನು ಕೆಲಸದಿಂದ ತೆಗೆದರು. ಇಪ್ಪತ್ತಾರು ವರ್ಷ ಕೂತ ಕುರ್ಚಿಯಿಂದ ನೀವು ಎದ್ದುಹೋದ ಹನ್ನೊಂದನೆಯ ದಿನ ಮ್ಯಾನೇಜರ್ ನನ್ನನ್ನು ಕರೆದು, ಸದ್ಯಕ್ಕೆ ನೀನು ಅಲ್ಲಿ ಕೂತುಕೋ, ಮನವಿಯ ಗಡುವು ಮುಗಿದ ಮೇಲೆ ಖಾಯಂ ಆದೇಶ ಕೊಡುತ್ತೇನೆ ಎಂದರು. ಇದನ್ನೂ ನಾನು ನಿಮಗೆ ಹೇಳಿರಲಿಲ್ಲ. ಕೋಣೆಯ ಮುಖ್ಯಸ್ಥೆ ಈಗ ನಾನು.

ಆದ್ದರಿಂದ ಪ್ರವಾಸ ನನ್ನ ಲೆಕ್ಕದ ಸಂಭ್ರಮವಾಯಿತು. ಸರೋವರ ಬೇಡ, ಬೇರೆ ಕಡೆ ಹೋಗೋಣ ಎಂದು ನಾನು ಸಣ್ಣಗೆ ಹೇಳಿದೆ. ಗಡಿಯಾರ ‘ರೂಮು ಬುಕ್ ಆಗಿದೆ ತಾಯಿ, ಈಗ ಬದಲಾಯ್ಸಕ್ಕಾಗಲ್ಲ. ಅಷ್ಟಕ್ಕೂ ನಮ್ಮದೇ ತಪ್ಪಿನ ಮುಖ ನಾವು ನೋಡ್ಬಾರದಾ?’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಬರೆಯಲೇಬೇಕು.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಗಡಿಯಾರ ಒಂದು ಹಾಳೆಯಲ್ಲಿ ಎರಡು ದಿನದ ಕಾರ್ಯಕ್ರಮ ಬರೆದು ನಾಲ್ಕು ಪ್ರತಿ ಮಾಡಿಸಿದ್ದಳು: ತಿಂಡಿಗೆ ಇಪ್ಪತ್ತೈದು ನಿಮಿಷ, ಫೋಟೊಗೆ ಹತ್ತು ನಿಮಿಷ, ‘ಸುಮ್ಮನೆ ಕೂರುವುದು’ ಹದಿನೈದು ನಿಮಿಷ. ಅದರಲ್ಲೂ ಅಲ್ಪವಿರಾಮ ಎರಡು ತಪ್ಪು ಹುಡುಕಿ ತಿದ್ದಿದಳು. ವ್ಯಾನಿನ ಕಿಟಕಿಗಳಿಗೆ ನೀಲಿ ಪರದೆ. ದಾರಿಯಲ್ಲಿ ಕಂಡ ಪ್ರತಿ ಅಂಗಡಿಯ ಫಲಕವನ್ನೂ ನಾಲ್ವರೂ ಬಾಯಿಬಿಟ್ಟು ಓದಿ ತಿದ್ದಿದೆವು. ಡ್ರೈವರ್ ಒಂದು ಗಂಟೆ ಸಹಿಸಿಕೊಂಡು, ಕೊನೆಗೆ ‘ಅಮ್ಮಾ, ರಸ್ತೇಲಿ ಇರೋ ಗುಂಡಿನೂ ಸ್ವಲ್ಪ ತಿದ್ದಿ’ ಎಂದ. ನಿಜ ಹೇಳುತ್ತೇನೆ, ಆ ಒಂದು ಗಂಟೆ ನನಗೆ ತುಂಬ ಸುಖವಾಗಿತ್ತು. ಕಾಲೇಜಿನಲ್ಲಿ ಮೂರು ವರ್ಷ ನಾನು ಯಾವ ಗುಂಪಿನ ಫೋಟೊದಲ್ಲೂ ಇಲ್ಲ. ಇಲ್ಲಿ ಜೇನು ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು, ಅವಳ ಕೂದಲು ನನ್ನ ಕೆನ್ನೆಗೆ ತಾಗುತ್ತಿತ್ತು. ನಿಮ್ಮ ನೆನಪು ಬಂತೇ ಎಂದರೆ, ಬರಲಿಲ್ಲ.

ದೋಣಿ ಕಟ್ಟೆಯ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಒಂದು ಹಲಗೆ. ಕೆಂಪು ಬಣ್ಣದಲ್ಲಿ, ಕೈಯಲ್ಲೇ ಬರೆದದ್ದು: ‘ಕೊನೆಯ ದೋಣಿ ಐದೂವರೆಗೆ. ಪುಸ್ತಕ ನಂಬಬೇಡಿ.’

ಅಲ್ಪವಿರಾಮ ‘ನಮ್ಮ ಪುಸ್ತಕಕ್ಕೆ, ಬೋರ್ಡೇ, ಹಾಕ್ಸಿಬಿಟ್ಟಿದಾರೆ ಕಣ್ರೇ’ ಎಂದು ಫೋಟೊ ತೆಗೆಯಲು ಹೋದಳು. ಗಡಿಯಾರ ಅವಳ ಕೈ ಕೆಳಗಿಳಿಸಿದಳು. ಅಷ್ಟರಲ್ಲಿ ಕಿಟಕಿಯ ಒಳಗಿದ್ದ ಟಿಕೆಟ್ಟಿನ ಹೆಂಗಸು ನಮ್ಮನ್ನು ನೋಡಿ ಹೊರಗೆ ಬಂದರು. ನಿಮ್ಮ ವಯಸ್ಸಿನವರು. ಸ್ವೆಟರಿನ ಜೇಬಿನಲ್ಲಿ ಟಿಕೆಟ್ ಪುಸ್ತಕ, ಮೂಗಿನ ತುದಿಗೆ ಕನ್ನಡಕ. ನಾವು ಯಾರೆಂದು ಅವರಿಗೇನು ಗೊತ್ತು?

‘ಪುಸ್ತಕ ಓದ್ಕೊಂಡು ಬಂದ್ರಾ? ಅದರ ಟೈಮು ಮರ್ತುಬಿಡಿ. ಅದನ್ನ ನಂಬಿ ದ್ವೀಪದಲ್ಲಿ ಒಬ್ರು ಸೊಂಟ ಮುರ್ಕೊಂಡ್ರು, ಬೆಳಿಗ್ಗೆ ಮೊದಲ್ನೇ ದೋಣೀಲಿ ನಾನೇ ಹೋಗಿದ್ದೆ ಅವತ್ತು. ಆಯಮ್ಮ ಅಲ್ಲಿ, ಮೆಟ್ಲ ಹತ್ರ ಮಲಗಿದ್ರು. ಅವರ ಗೆಳತಿಯರು ಇಬ್ರೂ ಸೀರೆ ಹೊದ್ಸಿ, ಎರಡೂ ಕಡೆ ತಬ್ಕೊಂಡು ಕೂತಿದ್ರು. ಅದ್ಯಾವ ಪುಣ್ಯಾತ್ಮರು ತಿದ್ದಿದ್ರೋ ಆ ಪುಸ್ತಕಾನ, ಅವರನ್ನ ತಂದು ಒಂದು ರಾತ್ರಿ ಅಲ್ಲಿ ಕೂರಿಸ್ಬೇಕು’ ಎಂದರು.

ಜೇನು ತನ್ನ ಜೇನಿನ ದನಿಯಲ್ಲಿ, ‘ಅವರನ್ನ ಕೆಲಸದಿಂದ ತೆಗೆದುಹಾಕಿದಾರಂತಮ್ಮ’ ಎಂದಳು.

‘ತೆಗೀಲಿ. ಆದ್ರೂ ಇಷ್ಟು ದೊಡ್ಡದು ಕಣ್ಣಿಗೆ ಬೀಳ್ಲಿಲ್ವಾ ಅಂತ?’

ಆಗ ನಾನು ಮಾತಾಡಿದೆ. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಲ್ಕು ಸಲ ಯೋಚಿಸುವವಳು, ಗುರುತಿಲ್ಲದ ಹೆಂಗಸಿನ ಎದುರಿಗೆ, ಯಾರೂ ಕೇಳದೆ, ಸ್ಪಷ್ಟವಾಗಿ ಹೇಳಿದೆ. ‘ಅವರಿಗೆ ವಯಸ್ಸಾಗಿತ್ತಂತೆ. ಕಣ್ಣು ಮಂಜಾಗಿತ್ತಂತೆ. ಕನ್ನಡಕ ಒರೆಸ್ತಾನೇ ಇರ್ತಿದ್ರಂತೆ.’

ಟಿಕೆಟ್ಟಿನ ಹೆಂಗಸು ತಮ್ಮ ಕನ್ನಡಕ ತೆಗೆದು ನೋಡಿಕೊಂಡರು. ‘ಹಾಗಾದ್ರೆ ಪಾಪ’ ಎಂದರು. ನಾಲ್ಕು ಟಿಕೆಟ್ ಹರಿದುಕೊಟ್ಟರು.

ನೀವು ಕನ್ನಡಕ ಒರೆಸುತ್ತಿದ್ದದ್ದು ಕೆಳಗಿನ ಗೋದಾಮಿನಿಂದ ಬರುವ ಕಾಗದದ ಧೂಳಿಗೆ. ನಾವೆಲ್ಲರೂ ಒರೆಸಿಕೊಳ್ಳುತ್ತೇವೆ. ನನ್ನ ಮೇಜಿನ ಮೇಲೂ ಅದಕ್ಕೊಂದು ಬಟ್ಟೆಯ ತುಂಡಿದೆ, ಕತ್ತರಿಸಿ ಕೊಟ್ಟವರು ನೀವು.

ದೋಣಿಯಲ್ಲಿ ಗಡಿಯಾರ ನನ್ನ ಪಕ್ಕ ಬಂದು ಕೂತಳು. ಆಮೇಲೆ, ‘ಇದೇ ಸರಿ. ದೊಡ್ಡಕ್ಕ ಮನವಿ ಕೊಟ್ರೆ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಕೇಳ್ತಾರೆ. ಎಲ್ರೂ ಇದನ್ನೇ ಹೇಳಿದ್ರಾಯ್ತು, ಕಣ್ಣು ಮಂಜಾಗಿತ್ತು ಅಂತ. ಬೈದಂಗೂ ಆಗಲ್ಲ, ಪಾಪ ಅಂದಂಗೂ ಇರುತ್ತೆ’ ಎಂದಳು. ಅದು ಮಾತ್ರ ಹೇಳಿದ್ದರೆ ಆ ಎರಡು ದಿನ ನಾನು ಅವಳನ್ನು ಒಳಗೊಳಗೇ ದೂರಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಅವಳು ಮುಂದೆ ಹೇಳಿದಳು. ‘ಅವತ್ತು ಪೆನ್ಸಿಲ್ ಯಾರ ಕೈಲಿತ್ತು ಅಂತ ನಂಗೇನು ಗೊತ್ತಿಲ್ವಾ? ನಾನು ಎದುರಿಗೇ ಕೂರೋಳು. ಊಟ ಆಗಿ ಹತ್ತು ನಿಮಿಷಕ್ಕೆ ನೀವಿಬ್ರೂ ಗಂಟಲು ಕೊಟ್ಕೊಂಡ್ರಿ. ಹೆದರ್ಬೇಡ, ನಮ್ಮ ಹೊಟ್ಟೇಲೇ ಇರುತ್ತೆ.’ ಹೇಳಿ ನನ್ನ ಕೈ ಹಿಡಿದು ಒತ್ತಿದಳು. ಅವಳ ಕೈ ಬೆಚ್ಚಗಿತ್ತು.

ನನಗೆ ಒಬ್ಬಳಿಗೇ ಗೊತ್ತಿದೆ ಎಂದುಕೊಂಡಿದ್ದೆ. ಎಲ್ಲರಿಗೂ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು.

ಯಾಕೆ ನನ್ನನ್ನು ಕಾಪಾಡಿದರು? ಪ್ರೀತಿಯಿಂದ ಎಂದು ಒಂದು ನಿಮಿಷ ನಂಬಿದೆ. ದ್ವೀಪದಲ್ಲಿ ಪಾಳುಬಿದ್ದ ಕಾವಲು ಗೋಪುರದ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುವಾಗ ಆ ನಂಬಿಕೆಯೂ ಹೋಯಿತು. ಗಡಿಯಾರ ಎಲ್ಲರಿಗೂ ಫೋನ್ ತೆಗೆಯಲು ಹೇಳಿದಳು. ಆ ಪುಟ ತಿದ್ದಿದ ಮಧ್ಯಾಹ್ನದ ಮೆಸೇಜುಗಳನ್ನು ಎಲ್ಲರೂ ಅಳಿಸಬೇಕು, ವಿಚಾರಣೆಯಲ್ಲಿ ಯಾರಾದರೂ ಫೋನ್ ತೋರಿಸು ಎಂದರೆ ಕಷ್ಟ ಎಂದಳು. ಅವತ್ತು ಮೂರು ಗಂಟೆಯಿಂದ ಮೂರೂವರೆವರೆಗೆ, ಕೆಲಸದ ಹೊತ್ತಿನಲ್ಲಿ, ನಮ್ಮ ನಾಲ್ವರ ಫೋನುಗಳೂ ಮೇಜಿನ ಕೆಳಗೆ ತೊಡೆಯ ಮೇಲಿದ್ದವು. ನೀವೊಬ್ಬರೇ ಓದುತ್ತಿದ್ದಿರಿ. ಒಬ್ಬಳು ಸಿಕ್ಕಿಬಿದ್ದರೆ ನಾಲ್ವರೂ ಸಿಕ್ಕಿಬೀಳುತ್ತಿದ್ದೆವು, ಅಷ್ಟೇ ವಿಷಯ. ಜೊತೆಗೆ ಇನ್ನೊಂದು. ನೀವು ಮುಖ್ಯಸ್ಥೆಯಾಗಿದ್ದಾಗ ಫೋನನ್ನು ಚೀಲದಲ್ಲಿಡಬೇಕಿತ್ತು, ನನ್ನ ಕಾಲದಲ್ಲಿ ಮೇಜಿನ ಮೇಲೇ ಇರುತ್ತದೆ. ನನ್ನಂಥ ಮೆತ್ತನೆಯ ಮುಖ್ಯಸ್ಥೆ ಅವರಿಗೆ ಇನ್ನೆಲ್ಲಿ ಸಿಗುತ್ತಾಳೆ?

ಅಲ್ಪವಿರಾಮ ಮಾತ್ರ ಫೋನ್ ಹಿಡಿದುಕೊಂಡು ಅಳಿಸದೆ ಕೂತಿದ್ದಳು. ‘ದೊಡ್ಡಕ್ಕ ನನ್ನ ಮದುವೆಗೆ, ತಮ್ಮ ಬಳೆ ಅಡ ಇಟ್ಟು,’ ಎಂದು ನಿಂತಳು. ನಾವು ಕಾದೆವು. ಅವಳು ಆ ವಾಕ್ಯ ಮುಗಿಸಲಿಲ್ಲ. ಮೊದಲ ಸಲ ಮುಗಿಸದೆಯೇ ಬಿಟ್ಟಳು. ಅಳಿಸಿದಳು. ಆಮೇಲೆ ನಾನೂ ಒತ್ತಿದೆ. ಒಂದು ಸಲ ಒತ್ತಿದರೆ ‘ನಿಜವಾಗಿಯೂ ಅಳಿಸಬೇಕೇ’ ಎಂದು ಕೇಳುತ್ತದೆ, ಎರಡನೆಯ ಸಲ ಒತ್ತಬೇಕು. ಎರಡನೆಯ ಸಲವೂ ಒತ್ತಿದೆ.

ನಾವು ನಾಲ್ಕೂಮುಕ್ಕಾಲಿಗೇ ದೋಣಿ ಕಟ್ಟೆಯಲ್ಲಿ ನಿಂತಿದ್ದೆವು. ಗಡಿಯಾರ ಇದ್ದಮೇಲೆ ಕೇಳಬೇಕೇ?

ಭಾನುವಾರ ಬೆಳಿಗ್ಗೆ ವಸತಿಗೃಹದ ಊಟದ ಕೋಣೆಯಲ್ಲಿ ನನಗಾಗಿ ಕೇಕ್ ತರಿಸಿದ್ದರು. ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ನಮ್ಮ ಹೊಸ ದೊಡ್ಡಕ್ಕನಿಗೆ’ ಎಂದಿತ್ತು. ಪಕ್ಕದ ಮೇಜಿನವರೂ ಚಪ್ಪಾಳೆ ತಟ್ಟಿದರು. ಜೇನು ಒಂದು ತುಂಡು ನನ್ನ ಬಾಯಿಗಿಟ್ಟಳು. ತಿಂದೆ. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸಿಕ್ಕಿಕೊಳ್ಳಲಿಲ್ಲ. ಎರಡನೆಯ ತುಂಡನ್ನೂ ತಿಂದೆ. ಆಮೇಲೆ ಬೆಟ್ಟದ ಮೇಲಿನ ನೋಟದ ಕಟ್ಟೆಗೆ ಹೋದೆವು; ಮಂಜು ಮುಚ್ಚಿ ಏನೂ ಕಾಣಲಿಲ್ಲ, ಬಿಳಿ ಗೋಡೆಯೆದುರು ನಿಂತ ಹಾಗೆ ನಾಲ್ವರೂ ನಿಂತು ಫೋಟೊ ತೆಗೆಸಿಕೊಂಡೆವು. ಫೋಟೊದಲ್ಲಿ ನಾನು ಮಧ್ಯದಲ್ಲಿದ್ದೇನೆ. ಸಂಜೆ ವಾಪಸು ಬರುವಾಗ ನಿಮ್ಮ ಫೋನು ಬಂತು.

ಈಗ ಮುಖ್ಯ ಸಂಗತಿ. ಇದನ್ನು ಮನವಿಯಲ್ಲಿ ಬರೆಯಿರಿ.

ಇನ್ನೂರ ಹನ್ನೆರಡನೆಯ ಪುಟದ ಕೊನೆಯ ಕರಡು ತಿದ್ದಿದವಳು ನಾನು. ಊಟವಾದ ಮೇಲೆ ನನ್ನ ಗಂಟಲು ಕಟ್ಟಿತು, ಮೂಲಪ್ರತಿ ನಿಮ್ಮ ಕೈಗೆ ಬಂತು, ಪೆನ್ಸಿಲ್ ನನ್ನ ಕೈಗೆ. ನೀವು ಓದಿದ್ದು ಐದೂವರೆ ಎಂದೇ. ಮುನ್ನೂರು ಹಾಳೆಯಲ್ಲಿ ಯಾವುದು ಗಂಟಲು ಕೊಡುವ ಮೊದಲು, ಯಾವುದು ಆಮೇಲೆ ಎಂದು ನಿಮಗೆ ನೆನಪಿರಲಿಲ್ಲ, ಸಹಿ ನೋಡಿ ನೀವೇ ತಿದ್ದಿದ್ದೆಂದು ನಂಬಿದಿರಿ. ಓದುವಾಗ ನೀವು ತಲೆ ಎತ್ತುವುದಿಲ್ಲ, ಹಾಗಾಗಿ ನಾನು ಎಲ್ಲಿ ನೋಡುತ್ತಿದ್ದೆ ಎಂದು ನಿಮಗೆ ಕಾಣಲಿಲ್ಲ. ಆ ಹಾಳೆಯಲ್ಲಿ ಒಂದು ಗುರುತೂ ಇಲ್ಲ. ಆದರೆ ಅದರ ಹಿಂದಿನ ಹಾಳೆಯಲ್ಲಿ ಮೂರು, ಮುಂದಿನದರಲ್ಲಿ ಎರಡು ತಿದ್ದುಪಡಿ ಇವೆ, ಎಲ್ಲವೂ ನನ್ನ ಕೈಯವು. ಬೇಡದ ಅಕ್ಷರ ತೆಗೆಯಿರಿ ಎಂದು ಹಾಕುವ ಗುರುತಿನ ಬಾಲವನ್ನು ನಾನು ಎಡಕ್ಕೆ ಎಳೆಯುತ್ತೇನೆ, ನೀವು ಬಲಕ್ಕೆ. ‘ಎಷ್ಟು ಸಲ ಹೇಳ್ಲಿ ಮರಿ, ಬಾಲ ಬಲಕ್ಕಿರಲಿ, ಅಚ್ಚು ಜೋಡಿಸೋರಿಗೆ ಗೊಂದಲ ಆಗುತ್ತೆ’ ಎಂದು ನೀವು ನೂರು ಸಲ ಬೈದರೂ ನಾನು ತಿದ್ದಿಕೊಳ್ಳಲಿಲ್ಲ. ಕಟ್ಟು ಮ್ಯಾನೇಜರರ ಕಬ್ಬಿಣದ ಬೀರುವಿನಲ್ಲಿದೆ. ಆ ಮೂರು ಹಾಳೆ ತರಿಸಿ ಎದುರಿಗಿಡಿ ಎಂದು ಕೇಳಿ. ಕಣ್ಣಿದ್ದವರು ಯಾರೇ ನೋಡಲಿ, ಹೇಳುತ್ತಾರೆ.

ನೀವು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ ಮರುದಿನ ನಾನು ನಿಮ್ಮನೆಗೆ ಬಂದಿದ್ದೆ. ಕಣ್ಣು ಚೆನ್ನಾಗಿದೆ ಎಂದರಂತೆ. ಒಳ್ಳೆಯ ಸುದ್ದಿ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ನೀವು, ‘ಕಣ್ಣಿಗೇನೂ ಆಗಿಲ್ಲ ಅಂದ್ರೆ ತಲೆಗೇ ಏನೋ ಆಗಿದೆ ಮರಿ. ಐದೂವರೆ ಅಂತ ಕಿವಿಗೆ ಬಿದ್ದು, ಆರೂವರೆ ಅಂತ ಕಣ್ಣಿಗೆ ಬಿದ್ದು, ಎರಡೂ ಒಂದೇ ಅನ್ನಿಸ್ತಾ ನನಗೆ?’ ಎಂದಿರಿ. ನಿಮ್ಮ ತಂಗಿ ಒಳಗಿನಿಂದ ಚಹಾ ತಂದರು. ಔಷಧಿ ಚೀಟಿಯ ಮೇಲಿನ ಹೆಸರನ್ನು ನೀವೇ ಓದಿ, ಮತ್ತೆ ಅವರ ಕೈಲೂ ಓದಿಸಿ ತಾಳೆ ನೋಡಿದಿರಿ. ಪೇಪರು ಓದುವುದನ್ನು ಬಿಟ್ಟಿದ್ದೀರೆಂದು ಅವರು ಬಾಗಿಲ ಹತ್ತಿರ ನನಗೆ ಮೆಲ್ಲಗೆ ಹೇಳಿದರು. ನಾನು ‘ಹೌದಾ’ ಎಂದೆ. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೆ.

ದೊಡ್ಡಕ್ಕ, ನಿಮ್ಮ ತಲೆಗೆ ಏನೂ ಆಗಿಲ್ಲ. ಪೇಪರು ತರಿಸಿ, ಓದಿ. ತಪ್ಪಿದ್ದರೆ ತಿದ್ದಿ.

ಇನ್ನೊಂದು ಉಳಿದಿದೆ. ಇದನ್ನು ಮನವಿಯಲ್ಲಿ ಬರೆಯಬೇಕಾಗಿಲ್ಲ, ನಿಮಗೆ ಮಾತ್ರ. ನೀವು ಆ ಸಾಲು ಓದುತ್ತಿದ್ದಾಗ ನಾನು ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಗಡಿಯಾರ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದಳು: ‘ದೊಡ್ಡಕ್ಕನ್ನ ಕರೀಬೇಕಾ, ಬೇಡ್ವಾ? ಬೇಗ ಹೇಳಿ, ರೂಮು ಹಿಡೀಬೇಕು.’ ಜೇನು ‘ನೀವು ಹೇಳಿದಂಗೆ’ ಎಂದಳು. ಅಲ್ಪವಿರಾಮ ‘ಕರೆಯೋಣ’ ಎಂದಳು. ಗಡಿಯಾರ ‘ಕರೆದ್ರೆ ಹತ್ತು ಹೆಜ್ಜೆಗೊಂದು ಸಲ ಕೂರ್ಬೇಕು. ಇಲಿಮರಿ, ನಿನ್ನ ಯಜಮಾನಿ, ನೀನೇ ಹೇಳು’ ಎಂದಳು. ನೀವು ನನ್ನಿಂದ ಒಂದು ಮೊಳ ದೂರದಲ್ಲಿದ್ದಿರಿ. ನಿಮ್ಮ ಚಹಾದ ಲೋಟ ನನ್ನ ಮೊಣಕೈಗೆ ತಾಗುತ್ತಿತ್ತು. ನಾನು ‘ಬೇಡ’ ಎಂದು ಬರೆದೆ. ಬರೆದು, ಸಾಲದೆಂದು, ‘ಎರಡು ದಿನವಾದ್ರೂ ಉಸಿರಾಡ್ತೀನಿ’ ಎಂದು ಸೇರಿಸಿದೆ. ಮೂವರೂ ನಗುವ ಮುಖಗಳನ್ನು ಕಳಿಸಿದರು. ನನ್ನ ಮಾತಿಗೆ ಮೂರು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಾನು ಅದನ್ನೇ ನೋಡುತ್ತಾ ಕೂತೆ. ತಲೆ ಎತ್ತುವಷ್ಟರಲ್ಲಿ ನೀವು ಮುಂದಿನ ಪುಟಕ್ಕೆ ಬಂದಿದ್ದಿರಿ.

ನೀವು ನನಗೆ ಉಸಿರುಗಟ್ಟಿಸಿದ್ದು ಯಾವತ್ತೂ ಇಲ್ಲ. ಆದರೆ ನಿಮ್ಮ ಪಕ್ಕ ಕೂತ ನಾಲ್ಕು ವರ್ಷವೂ ನಾನು ‘ದೊಡ್ಡಕ್ಕನ ಹುಡುಗಿ’ಯಾಗಿದ್ದೆ. ಊಟದ ಡಬ್ಬಿ ತೆಗೆದರೆ ನಿಮ್ಮ ಜೊತೆ, ಬಸ್ಸಿಗೆ ಹೋದರೆ ನಿಮ್ಮ ಜೊತೆ. ಅವರ ನಗುವಿನಲ್ಲಿ ಒಂದು ಸಲ ನನ್ನದೂ ಪಾಲಿರಲಿ ಅನ್ನಿಸಿತ್ತು. ಸಿಕ್ಕಿತು. ಅದು ಎಂಥದ್ದೆಂದು ಈಗ ಗೊತ್ತಾಗಿದೆ, ಆದರೂ ಕೈಬಿಡಲು ಮನಸ್ಸಿಲ್ಲ ಎಂಬುದನ್ನೂ ನಿಮಗೆ ಹೇಳಿಬಿಡುತ್ತೇನೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ಮನವಿಗೆ ಬೇಕಾದದ್ದೆಲ್ಲ ಈ ಹಾಳೆಗಳಲ್ಲಿದೆ. ಕೊನೆಯ ಹಾಳೆಯ ಈ ಭಾಗವನ್ನು ಹರಿದಿಟ್ಟುಕೊಂಡು ಉಳಿದದ್ದನ್ನು ಲಗತ್ತಿಸಿ. ಕೆಳಗೆ ಸಹಿ ಮಾಡುತ್ತಿದ್ದೇನೆ. ಈ ಸಲ ಪೂರ್ತಿ ಬರೆದಾದ ಮೇಲೆ.

ನಿಮ್ಮ
ಇಲಿಮರಿ

ತಾ.ಕ.
ಶನಿವಾರ, ೨೧. ಪತ್ರ ಸೋಮವಾರವೇ ಮುಗಿದಿತ್ತು. ಮಂಗಳವಾರದಿಂದ ನನ್ನ ಚೀಲದಲ್ಲೇ ಇದೆ. ನಮ್ಮ ಬಸ್ ನಿಲ್ದಾಣದ ಪಕ್ಕದಲ್ಲೇ ಅಂಚೆ ಡಬ್ಬಿ ಇರುವುದು ನಿಮಗೆ ಗೊತ್ತು. ನಿನ್ನ ಮನಸ್ಸಿನಲ್ಲೇನಿತ್ತು ಎಂದು ಯಾರಾದರೂ ಕೇಳಿದರೆ, ನೀವಾಗಿಯೇ ಮನವಿ ಕೊಟ್ಟರೆ ನಾನು ಈ ಪತ್ರ ಕಳಿಸುವುದೇ ಬೇಕಾಗುವುದಿಲ್ಲ ಎಂದಿತ್ತು ಎಂದು ಹೇಳಬಹುದು. ನಿನ್ನೆ ಶುಕ್ರವಾರ ಮ್ಯಾನೇಜರರ ಮೇಜಿನ ಮೇಲಿನ ಟಪಾಲು ತಟ್ಟೆಯನ್ನು ನಾಲ್ಕು ಸಲ ಹೋಗಿ ನೋಡಿದೆ. ಕಚೇರಿ ಮುಚ್ಚಿ ಮನವಿಯ ಗಡುವು ಮುಗಿಯುವ ಹೊತ್ತಿಗೆ, ನಾಲ್ಕನೆಯ ಸಲವೂ ನಿಮ್ಮ ಲಕೋಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, ಹೊರಗೆ ಬಂದು ಇದಕ್ಕೆ ಅಂಚೆಚೀಟಿ ಕೊಂಡೆ.